ಬ್ರೇಕಿನ ಸದ್ದಿಗೆ ಕಿವಿಗೊಡೋಣ

ಶ್ರೀಶೈಲಕ್ಕೋ ಕೂಡಲಸಂಗಮಕ್ಕೋ ಕುಟುಂಬಸಮೇತ ಕಾರಿನಲ್ಲಿ ಹೊರಡುವ ಸದ್ಭಕ್ತರು ಬ್ರೇಕಿನ ಸದ್ದನ್ನು ಅಲಕ್ಷಿಸಲಾಗದು.

ಮಳೆಯ ಮರುದಿನ ಬೆಳಗ್ಗೆ ಕೇಳುವ ಕೆರೆತವು ಸಾಮಾನ್ಯವಾಗಿ ಗಾಲಿಯೊಡನೆ ತಿರುಗುವ ಡಿಸ್ಕಿನ ಮೇಲಣ ತೆಳುತುಕ್ಕಿನದು. ನಾಲ್ಕಾರು ಬಾರಿ ಬ್ರೇಕು ಒತ್ತಿದರೆ ಅಳಿಯುತ್ತದೆ. ಅದಕ್ಕೆ ಅಂಜಬೇಕಾಗಿಲ್ಲ. ನಿತ್ಯವೂ ಕೀರಲು ಸದ್ದು ಬರುತ್ತಿದ್ದರೆ, ಡಿಸ್ಕನ್ನು ಹಿಡಿಯುವ ಪ್ಯಾಡು ಸವೆದಿರಬಹುದು. ಹಲವು ಪ್ಯಾಡುಗಳಲ್ಲಿ ಸಣ್ಣದೊಂದು ಉಕ್ಕಿನ ಪಟ್ಟಿಯಿರುತ್ತದೆ. ಸವೆತ ಮಿತಿಮೀರಿದಾಗ ಅದು ಡಿಸ್ಕಿಗೆ ತಾಗಿ ಕೂಗಿ ಎಚ್ಚರಿಸುತ್ತದೆ. ಪ್ಯಾಡಿನ ಪದರ ಸುಮಾರು 3 ಮಿಲಿಮೀಟರಿಗೆ ಇಳಿದಿದ್ದರೆ ಎಡಬಲ ಎರಡೂ ಗಾಲಿಗಳ ಪ್ಯಾಡುಗಳನ್ನು ಒಟ್ಟಿಗೇ ಬದಲಿಸಬೇಕು. ಪ್ಯಾಡು ದಪ್ಪವಾಗಿದ್ದೂ ಸದ್ದು ನಿಲ್ಲದಿದ್ದರೆ, ಧೂಳು ತೆಗೆಸಿ, ಅದು ಸರಿಯಾಗಿ ಕುಳಿತಿದೆಯೇ ಎಂದು ಪರೀಕ್ಷಿಸಿಸಬೇಕು. ಗರಗರನೆ ಅರೆಯುವ ಸದ್ದು ಕೇಳಿಸಿದರೆ ಲೋಹಕ್ಕೆ ಲೋಹವೇ ಉಜ್ಜುತ್ತಿರುವ ಸಂಭವವುಂಟು. ಆಗ ಕಾರನ್ನು ಓಡಿಸದೆ ಮೆಕ್ಯಾನಿಕರನ್ನು ಕರೆಸುವುದೇ ಲೇಸು.

ಸದ್ದಡಗಿಸಲೆಂದು ಪ್ಯಾಡಿಗಾಗಲಿ ಡಿಸ್ಕಿಗಾಗಲಿ ಎಣ್ಣೆ ಹಚ್ಚುವುದು ಸರ್ವಥಾ ಸಲ್ಲದು. ಸದ್ದಿನೊಡನೆ ಹಿಡಿತವೂ ಹೋಗುತ್ತದೆ.

ಶ್ರೀಶೈಲದ ಘಟ್ಟವಿಳಿಯುವಾಗ ಬ್ರೇಕಿನ ಮೇಲೆಯೇ ಭಾರ ಹಾಕದೆ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಸಾಗಬೇಕು. ಕಾರಿನಲ್ಲಿ ನಮ್ಮ ವೃದ್ಧರೂ ಮಕ್ಕಳೂ ಇರುತ್ತಾರೆ. ಆದುದರಿಂದ ಯಾತ್ರೆಗೆ ವಾರವಿರುವಾಗಲೇ ಗ್ಯಾರೇಜಿಗೆ ಹೋಗಿ ಬರೋಣ.