ಬರೆದವರ ಮನೆಯಲ್ಲೊಂದು ಪ್ರತಿ

ಅಂತರ್ಜಾಲದಲ್ಲಿ ಹಲವರು ಕೂಡಿ ಬರೆದ ದಾಖಲೆ ಎಲ್ಲರ ಸ್ವತ್ತು ಎಂಬ ನಂಬಿಕೆ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ನಾನು ಇದನ್ನು ಒಪ್ಪುವುದಿಲ್ಲ. ನೀವೆಲ್ಲ ನಾಲ್ಕು ವರ್ಷಗಳಿಂದ ಗೂಗಲ್ ಡಾಕ್ಸ್‌ನಲ್ಲಿ ಕೂಡಿಹಾಕುತ್ತಿರುವ ನಮ್ಮ ಸೀಮೆಯ ಬೇಸಾಯದ ಪದಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. ಕೂರಿಗೆ, ಕುಂಟೆ, ಮಿಣಿ, ಮೇಟಿ, ಕಪಿಲೆ ಎಂದು ಒಬ್ಬೊಬ್ಬರೂ ಮನೆಯ ಹಿರಿಯರನ್ನು ಕೇಳಿ ಕೇಳಿ ಸೇರಿಸಿದ್ದೀರಿ. ಹೇಳಿಕೊಟ್ಟವರಲ್ಲಿ ಹಲವರು ಈಗ ಇಲ್ಲ. ಆದರೆ ದಾಖಲೆಯ ಒಡೆತನ ಒಬ್ಬನೇ ಒಬ್ಬನ ಖಾತೆಯಲ್ಲಿದೆ. ಉಳಿದವರೆಲ್ಲ ಅವನ ಅಂಗಳಕ್ಕೆ ಬಂದ ಅತಿಥಿಗಳು. ಅವನು ಒಳ್ಳೆಯವನೇ, ಸಂದೇಹವಿಲ್ಲ. ಆದರೂ ಆ ಖಾತೆ ಅಳಿದ ದಿನ ಪಟ್ಟಿಯೂ ಅಳಿಯುತ್ತದೆ.

“ಸಾರ್, ಅದು ಕ್ಲೌಡ್‌ನಲ್ಲಿದೆ, ಎಲ್ಲಿಗೂ ಹೋಗುವುದಿಲ್ಲ” ಎಂದು ನನಗೆ ಸಮಾಧಾನ ಹೇಳುವವರಿದ್ದೀರಿ. ಯಂತ್ರದ ಮಟ್ಟಿಗೆ ನಿಮ್ಮ ಮಾತು ನಿಜವೇ ಇರಬಹುದು. ನನ್ನ ಬೀರುವಿನಲ್ಲಿ ಗೆದ್ದಲು ತಿಂದಷ್ಟು ಬರಹ ಅವರಲ್ಲಿ ಹಾಳಾಗಿರಲಾರದು. ನನ್ನ ತಕರಾರು ಬೇರೆ. ನಮ್ಮ ಬಂಧುಗಳ ಒಂದು ಕವಲಿನವರು ವಂಶಾವಳಿಯನ್ನೂ ಅಜ್ಜಿ ಹೇಳುತ್ತಿದ್ದ ಕಥೆಗಳನ್ನೂ ಹೀಗೆಯೇ ಕೂಡಿ ಬರೆದಿದ್ದರು. ಅದು ಇದ್ದದ್ದು ಮನೆಯ ಹುಡುಗನೊಬ್ಬನ ಕಚೇರಿಯ ಖಾತೆಯಲ್ಲಿ. ಅವನು ಕೆಲಸ ಬದಲಿಸಿದ. ಕಚೇರಿಯವರು ತಮ್ಮ ನಿಯಮದಂತೆ ಖಾತೆಯನ್ನು ಮುಚ್ಚಿದರು. ಯಂತ್ರ ಕೆಡಲಿಲ್ಲ, ಕಳವಾಗಲಿಲ್ಲ, ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಅಜ್ಜಿಯ ಕಥೆಗಳು ಹೋದವು.

ಸ್ವಂತ ಖಾತೆಯಾದರೆ ಕ್ಷೇಮವೆನ್ನುವಿರೋ? ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅದರೊಳಗಿನ ಬರಹಗಳ ಸಮೇತ ಅಳಿಸಬಹುದೆಂದು ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು. ಸತ್ತವರು ಲಾಗಿನ್ ಆಗುವುದಿಲ್ಲವಷ್ಟೆ. ಇನ್ನು ಸೇವೆಯೇ ನಿಲ್ಲುವುದೂ ಉಂಟು. ಕೂಡಿ ಬರೆಯುವುದಕ್ಕೆಂದೇ 2009ರಲ್ಲಿ ಭಾರೀ ಸದ್ದಿನೊಡನೆ ಬಂದ ಗೂಗಲ್ ವೇವ್ 2012ರ ಏಪ್ರಿಲ್ 30ರಂದು ಬಾಗಿಲು ಹಾಕಿತು.

ಕೆಲವರು ತಮ್ಮ ಕಂಪ್ಯೂಟರಿನ ಡ್ರೈವ್ ಫೋಲ್ಡರನ್ನು ತೋರಿಸಿ “ನೋಡಿ ಮೇಷ್ಟ್ರೇ, ಇಲ್ಲೇ ಇದೆಯಲ್ಲ” ಎನ್ನುತ್ತಾರೆ. ಅಲ್ಲಿ ಕಾಣುವ ‘ಜಿಡಾಕ್’ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ನಿಮ್ಮ ಬರಹದ ಒಂದಕ್ಷರವೂ ಅದರಲ್ಲಿರುವುದಿಲ್ಲ. ಮೂಲ ದಾಖಲೆಯ ಗುರುತನ್ನು ಹೇಳುವ ಒಂದೆರಡು ಸಾಲುಗಳಷ್ಟೇ ಇರುತ್ತವೆ. ಲಕೋಟೆಯ ಮೇಲಿನ ವಿಳಾಸವನ್ನೇ ಪತ್ರವೆಂದು ನಂಬಿ ಜೋಪಾನ ಮಾಡಿದಂತೆ ಇದು.

ಕನ್ನಡದವರಿಗೆ ಈ ಸಂಗತಿ ಹೊಸದಾಗಿರಬಾರದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ತರಗತಿಯಲ್ಲಿ ನಿಮಗೆ ನಾನೇ ಹೇಳಿದ್ದೇನೆ. ಶಾಂತಿಪುರಾಣ ನಮ್ಮ ಕೈಯಲ್ಲಿದೆ. ಅದೇ ಕವಿಯ ಭುವನೈಕರಾಮಾಭ್ಯುದಯ ದೊರೆತಿಲ್ಲ. ಒಂದು ಉಳಿದದ್ದಕ್ಕೆ ಆ ಸಾವಿರ ಪ್ರತಿಗಳೇ ಏಕೈಕ ಕಾರಣವೆಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಆಕೆ ಮೂಲ ಓಲೆಯ ಕಟ್ಟಿರುವ ಮನೆಯ ದಾರಿಯನ್ನು ಸಾವಿರ ಜನರಿಗೆ ತಿಳಿಸಿ ಸುಮ್ಮನಾಗಲಿಲ್ಲ. ನಾವು ಲಿಂಕ್ ಹಂಚುವಾಗ ಮಾಡುತ್ತಿರುವುದು ಅದನ್ನೇ.

ಹಾಗಾದರೆ ಮಾಡಬೇಕಾದುದೇನು? ಆರ್‌ಕ್ಲೋನ್ ಎಂಬ ಉಚಿತವೂ ಮುಕ್ತವೂ ಆದ ತಂತ್ರಾಂಶವಿದೆ. ಅದಕ್ಕೆ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಕಮಾಂಡ್ ಲೈನಿನ ಕಪ್ಪು ಕಿಟಕಿಯಲ್ಲಿ ಆಜ್ಞೆಯನ್ನು ಬರೆದು ಕೆಲಸ ಮಾಡಿಸಬೇಕು. ಅಷ್ಟಕ್ಕೇ “ಅದೆಲ್ಲ ಇಂಜಿನಿಯರುಗಳ ಕೆಲಸ” ಎಂದು ನಮ್ಮವರು ಹಿಂಜರಿಯುತ್ತಾರೆ. ಭಾಷೆಯ ಮೇಷ್ಟರಾದ ನನಗೆ ಆ ಹಿಂಜರಿಕೆ ಅರ್ಥವಾಗುವುದಿಲ್ಲ. ‘ಆರ್‌ಕ್ಲೋನ್ ಕಾಪಿ’ ಎಂದು ಬರೆದು, ಎಲ್ಲಿಂದ, ಎಲ್ಲಿಗೆ ಎಂಬೆರಡನ್ನು ಸೇರಿಸಿದರೆ ಆಜ್ಞೆ ಮುಗಿಯಿತು. ಒಂದು ಕ್ರಿಯಾಪದ, ಒಂದು ಪಂಚಮಿ, ಒಂದು ಚತುರ್ಥಿ. ವಿಭಕ್ತಿಯ ಪಾಠದಲ್ಲಿ ತೂಕಡಿಸಿದವರೂ ಇಷ್ಟನ್ನು ಬರೆಯಬಲ್ಲರು. ಮೊದಲ ಸಲ ಮಾತ್ರ ಖಾತೆಯ ಅನುಮತಿ ಪಡೆಯಬೇಕು. ಆಗ ಓದುವ ಅಧಿಕಾರವೊಂದನ್ನೇ ಕೊಡಿ, ತಿದ್ದುವ ಅಧಿಕಾರ ಬೇಡ. ಅತಿಥಿಗಳಾಗಿರುವವರು ‘ನನ್ನೊಡನೆ ಹಂಚಿಕೊಂಡವು’ ಎಂಬ ಆಯ್ಕೆಯನ್ನೂ ಸೇರಿಸಬೇಕು. ಮುಖ್ಯವಾಗಿ, ‘ಕಾಪಿ’ ಎನ್ನುವಲ್ಲಿ ‘ಸಿಂಕ್’ ಎಂದು ಬರೆಯದಿರಿ. ಸಿಂಕ್ ಎಂಬುದು ಅಲ್ಲಿ ಅಳಿದದ್ದನ್ನು ಇಲ್ಲಿಯೂ ಅಳಿಸುವ ಅತಿವಿಧೇಯ ಸೇವಕ. ಕಾಪಿ ಕೂಡ ಬದಲಾದ ಕಡತವನ್ನು ಹಳೆಯದರ ಮೇಲೆಯೇ ಬರೆಯುತ್ತದೆ. ಆದ್ದರಿಂದ ತಿಂಗಳಿಗೊಂದು ಹೊಸ ಫೋಲ್ಡರಿರಲಿ.

ಡೌನ್‌ಲೋಡ್ ಗುಂಡಿ ಇರುವಾಗ ಇದೇಕೆ ಎಂಬ ಪ್ರಶ್ನೆಯೂ ಬಂದಿದೆ. ಗುಂಡಿ ಒತ್ತಲು ಪ್ರತಿ ಸಲವೂ ಒಬ್ಬರಿಗೆ ನೆನಪಾಗಬೇಕು. ಗುಂಡಿಯ ಜಾಗವೂ ಆಗಾಗ ಬದಲಾಗುತ್ತದೆ. ಆಜ್ಞೆಯಾದರೋ ಒಂದು ವಾಕ್ಯ. ಅದನ್ನು ನೋಟುಪುಸ್ತಕದಲ್ಲಿ ಬರೆದಿಡಬಹುದು, ಕಾಗದದಲ್ಲಿ ತಂಗಿಗೆ ಕಳುಹಿಸಬಹುದು, ತಿಂಗಳಿಗೊಮ್ಮೆ ತಾನೇ ನಡೆಯುವಂತೆ ಕಂಪ್ಯೂಟರಿಗೆ ಒಪ್ಪಿಸಬಹುದು.

ಈ ಸಲಕರಣೆಗಳೇನೂ ಚಿರಂಜೀವಿಗಳಲ್ಲ. 2010ರಲ್ಲಿ ಗೂಗಲ್ ತಾನೇ ಗೂಗಲ್‌ಸಿಎಲ್ ಎಂಬ ಕಮಾಂಡ್ ಲೈನ್ ಸಲಕರಣೆಯನ್ನು ಹೊರತಂದಿತ್ತು. ಅದು ನೆಚ್ಚಿದ್ದ ಹಳೆಯ ವ್ಯವಸ್ಥೆಗಳು 2015ರಲ್ಲಿ ನಿಂತಾಗ ಅದೂ ಮೂಲೆ ಸೇರಿತು. ಆದರೆ ನಿಲ್ಲುವ ಮೊದಲು ಅದರಿಂದ ಇಳಿಸಿಕೊಂಡ ಕಡತಗಳು ಸಲಕರಣೆಯೊಡನೆ ಸಾಯಲಿಲ್ಲ. ಗಾಡಿ ಮುರಿದರೂ ಮನೆಗೆ ಬಂದ ರಾಶಿ ಮನೆಯಲ್ಲೇ ಇರುತ್ತದೆ.

ಯಾವ ರೂಪದಲ್ಲಿ ಇಳಿಸಬೇಕೆಂಬುದು ನಮಗೆ ಇತರರಿಗಿಂತ ಹೆಚ್ಚು ಮುಖ್ಯ. ಪಿಡಿಎಫ್ ನೋಟಕ್ಕೆ ಚೆನ್ನ. ಅದರಿಂದ ಕನ್ನಡವನ್ನು ನಕಲಿಸಹೊರಟರೆ ಒತ್ತಕ್ಷರಗಳು ಎಷ್ಟೋ ಸಲ ಚೆಲ್ಲಾಪಿಲ್ಲಿಯಾಗುತ್ತವೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಸ್ಮರಣ ಸಂಚಿಕೆಗಳ ಗತಿಯನ್ನು ನೀವು ಕಂಡಿದ್ದೀರಿ: ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಕಸದ ರಾಶಿ. ಆದಕಾರಣ ನಮ್ಮ ಪಟ್ಟಿಯ ಒಂದು ಪ್ರತಿ ಯೂನಿಕೋಡಿನ ಸರಳ ಪಠ್ಯವಾಗಿ ಇರಲೇಬೇಕು. ಇನ್ನೊಂದು ಪ್ರತಿ ವರ್ಡ್ ಕಡತವಾಗಿರಲಿ. ಆರ್‌ಕ್ಲೋನ್ ಬೇರೇನೂ ಹೇಳದಿದ್ದರೆ ಆ ರೂಪದಲ್ಲೇ ಇಳಿಸುತ್ತದೆ. ‘ಮೇಟಿ’ ಎಂಬ ಪದದ ಅರ್ಥದ ಬಗ್ಗೆ ಹಾಸನದವರೂ ದಾವಣಗೆರೆಯವರೂ ಅಂಚಿನ ಟಿಪ್ಪಣಿಗಳಲ್ಲಿ ನಡೆಸಿರುವ ಜಗಳ ವರ್ಡ್ ಕಡತದಲ್ಲಿ ಬರುತ್ತದೆ. ಪಟ್ಟಿಗಿಂತ ಆ ಜಗಳವೇ ನನಗೆ ಪ್ರಿಯ. ದೀಪಾವಳಿಗೆ ಊರಿಗೆ ಬರುವವರು ಎರಡನ್ನೂ ಪೆನ್‌ಡ್ರೈವಿನಲ್ಲಿ ತನ್ನಿ. ಒಂದು ಪ್ರತಿಯನ್ನು ಶಾಲೆಯ ಕಂಪ್ಯೂಟರಿಗೆ ಹಾಕಿಸುವ ಹೊಣೆ ನನ್ನದು.