ಕಾರ್ಬುರೇಟರ್ ಪಾಪ, ಅದೇನು ಮಾಡಿತ್ತು?

ಹಳೇ ಔಟ್‌ಬೋರ್ಡ್ ಮೋಟಾರ್ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನಮ್ಮ ಕರಾವಳಿಯಲ್ಲಿ ಸಿಗೋದು ಎರಡೇ ಸಲಹೆ. ಒಂದು, "ಕಾರ್ಬುರೇಟರ್ ಬಿಚ್ಚಿಸಿ". ಇನ್ನೊಂದು, "ಹಳೇದಾಯ್ತು ಮಾರಾಯ್ರೆ, ಗುಜರಿಗೆ ಹಾಕಿ". ಇವರಲ್ಲಿ ಮುಕ್ಕಾಲು ಪಾಲು ಜನ ಅದರ ಪ್ಲಗ್ ಬಿಚ್ಚಿ ನೋಡಿರೋದಿಲ್ಲ. ನನ್ನ ತಕರಾರು ಅದೇ.

ಇಪ್ಪತ್ತು ಸಲ ಹಗ್ಗ ಎಳೆದು ಭುಜ ನೋಯಿಸಿಕೊಳ್ಳೋ ಬದಲು ನಾಲ್ಕೈದು ಎಳೆತಕ್ಕೆ ನಿಲ್ಲಿಸಿ, ಪ್ಲಗ್ ಬಿಚ್ಚಿ. ಒದ್ದೆ ಇದ್ಯಾ? ಹಾಗಾದ್ರೆ ಇಂಧನ ಬರ್ತಾ ಇದೆ. ಕಿಡಿ ಇಲ್ಲ, ಇಲ್ಲವೇ ಚೋಕ್ ಎಳೆದೂ ಎಳೆದೂ ಪೆಟ್ರೋಲ್ ತುಂಬಿಹೋಗಿದೆ. ಒಣಗಿದ್ಯಾ? ಇಂಧನವೇ ಬರ್ತಿಲ್ಲ. ಹಾಗಿದ್ದಾಗ ಮೊದಲು ನೋಡಬೇಕಾದ್ದು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು, ಆಮೇಲೆ ಕೈಯಲ್ಲಿ ಹಿಂಡುವ ರಬ್ಬರ್ ಬಲ್ಬು. ಗಾಳಿ ತಿರುಪು ಮುಚ್ಚಿದ್ರೆ ಮೋಟಾರ್ ಸ್ವಲ್ಪ ಹೊತ್ತು ಓಡಿ ಸಾಯುತ್ತೆ, ಮತ್ತೆ ಹೊತ್ತಿಕೊಳ್ಳೋದಿಲ್ಲ. ನಮ್ಮೂರ ಕಡೆಯ ಒಂದು ಗ್ಯಾರೇಜಿನಲ್ಲಿ ಇದೇ ತೊಂದರೆಗೆ ಕಾರ್ಬುರೇಟರ್ ಪೂರ್ತಿ ಬಿಚ್ಚಿ, ತೊಳೆದು, ಬಿಲ್ ಹಾಕಿದ್ದನ್ನ ಕಣ್ಣಾರೆ ನೋಡಿದ್ದೇನೆ. ತಿರುಪು ಆಗಲೂ ಮುಚ್ಚೇ ಇತ್ತು! :-)

ಹಾಗಂತ ಕಾರ್ಬುರೇಟರ್ ಕೆಡೋದೇ ಇಲ್ಲ ಅಂತಲ್ಲ, ಖಂಡಿತ ಕೆಡುತ್ತೆ. ಆದ್ರೆ ಅದು ಸಾಲಿನಲ್ಲಿ ನಾಲ್ಕನೆಯದೋ ಐದನೆಯದೋ. ಗೇರು ನ್ಯೂಟ್ರಲ್‌ನಲ್ಲಿದ್ಯಾ, ಎಂಜಿನ್ ನಿಲ್ಲಿಸುವ ಕೆಂಪು ಹುರಿಯ ಕ್ಲಿಪ್ ಜಾಗದಲ್ಲಿದ್ಯಾ ಅಂತ ನೋಡದವರು ಸ್ಪ್ಯಾನರ್ ಮುಟ್ಟಲೇಬಾರದು.

ಇನ್ನು ಸೀಮೆಎಣ್ಣೆ. ನಮ್ಮ ನಾಡದೋಣಿಗಳ ಎಷ್ಟೋ ಮೋಟಾರ್‌ಗಳು ಪೆಟ್ರೋಲ್‌ನಲ್ಲಿ ಹೊತ್ತಿಕೊಂಡು ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡ್ತವೆ. ಸೀಮೆಎಣ್ಣೆ ತಣ್ಣಗಿದ್ದಾಗ ಸರಿಯಾಗಿ ಆವಿಯಾಗೋದಿಲ್ಲ. ದಡಕ್ಕೆ ಬಂದು ಹಾಗೇ ನಿಲ್ಲಿಸಿಬಿಟ್ರೆ ಕಾರ್ಬುರೇಟರ್ ಬಟ್ಟಲಲ್ಲಿ ಉಳಿಯೋದು ಅದೇ. ಮಾರನೇ ದಿನ ಬೆಳಿಗ್ಗೆ ಎಷ್ಟು ಎಳೆದ್ರೂ "ಜಪ್ಪಯ್ಯ" ಅನ್ನೋದಿಲ್ಲ. ನಿಲ್ಲಿಸೋ ಮೊದಲು ಎರಡು ಮೂರು ನಿಮಿಷ ಪೆಟ್ರೋಲ್‌ಗೆ ಬದಲಿಸಿ ಓಡಿಸಿದ್ರೆ ಆಯ್ತು. ಮೇಲಾಗಿ ಸೀಮೆಎಣ್ಣೆಯ ಮಸಿ ಪ್ಲಗ್ಗಿಗೆ ಮೆತ್ತಿಕೊಂಡು ಕಿಡಿಯನ್ನೇ ತಿಂದುಹಾಕುತ್ತೆ. ಇದಕ್ಕೂ "ಮೋಟಾರ್ ಹಳೇದಾಯ್ತು" ಅಂತಾನೇ ತೀರ್ಪು!

ಈಗ ಇದಕ್ಕೊಂದು ಹೊಸ ಸೇರ್ಪಡೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶುರುವಾದ ಇ20 ಪೆಟ್ರೋಲ್, ಅಂದ್ರೆ 20% ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತೆ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರ? ಮಿತಿ ಮೀರಿದ್ರೆ ನೀರೂ ಎಥೆನಾಲೂ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿತವೆ. ಎಂಜಿನ್ ಹೀರೋ ಕೊಳವೆ ಇರೋದೂ ತಳದಲ್ಲೇ. ಎರಡು ಸ್ಟ್ರೋಕ್ ಮೋಟಾರಿಗೆ ಬೆರೆಸಿದ ಆಯಿಲ್ ಮಾತ್ರ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತೆ! ಹಳೇ ರಬ್ಬರ್ ಪೈಪುಗಳೂ ಎಥೆನಾಲ್‌ಗೆ ಮೆತ್ತಗಾಗಿ ಒಳಗೇ ಉದುರ್ತವೆ. ಹೋದ ವರ್ಷದ ಪೆಟ್ರೋಲನ್ನೇ ಹಾಕಿ ಎಳೆಯುವವರು ಬಯ್ಯಬೇಕಾದ್ದು ಮೋಟಾರನ್ನಲ್ಲ.

ಇದಕ್ಕೆಲ್ಲ ಔಷಧ ಅಂತ ಈಥರ್ ಸ್ಪ್ರೇ ಹೊಡೆಯೋ ಪಂಡಿತರೂ ಇದ್ದಾರೆ. ಎರಡು ಸ್ಟ್ರೋಕ್ ಎಂಜಿನ್‌ಗೆ ಇಂಧನದ ಜೊತೆ ಬರುವ ಆಯಿಲ್ ಬಿಟ್ರೆ ಬೇರೆ ಜಿಡ್ಡಿಲ್ಲ. ಈಥರ್ ಅದನ್ನೂ ತೊಳೆದುಬಿಡುತ್ತೆ. "ಒಂದೇ ಎಳೆತಕ್ಕೆ ಬಂತು ನೋಡಿ" ಅಂತ ಮೀಸೆ ತಿರುವುತ್ತಾರೆ, ಗೀಚಿದ ಸಿಲಿಂಡರ್ ಯಾರಿಗೂ ಕಾಣೋದಿಲ್ಲ.

ಎಂತಕ್ಕೆ ಇಷ್ಟು ಸಿಟ್ಟು ಅಂದ್ರಾ? ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳಿಗೆ ನಿಷೇಧ, 10 ಅಶ್ವಶಕ್ತಿ ಒಳಗಿನ ನಾಡದೋಣಿಗೆ ವಿನಾಯಿತಿ. ಅಂದ್ರೆ ಇವರ ದುಡಿಮೆಯ ಕಾಲ, ಕಡಲು ಅತಿ ಹೆಚ್ಚು ಕೆರಳಿರೋ ಕಾಲ, ಎರಡೂ ಒಂದೇ. ಗಂಗೊಳ್ಳಿಯಂಥ ಅಳಿವೆ ಬಾಯಲ್ಲಿ ಮೋಟಾರ್ ನಿಂತ್ರೆ ದೋಣಿ ಅಡ್ಡ ತಿರುಗುತ್ತೆ. ಅಡ್ಡ ತಿರುಗಿದ ದೋಣಿಯನ್ನ ಅಲೆ ಮಗುಚಿಹಾಕುತ್ತೆ. ಅಲ್ಲಿ ಯಾವ ಗ್ಯಾರೇಜಿನವನೂ ಬರೋದಿಲ್ಲ. ಇರೋದು ದೋಣಿಯವನ ಕೈ, ಒಂದು ಪ್ಲಗ್ ಸ್ಪ್ಯಾನರ್, ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟ ಎರಡು ಹೊಸ ಪ್ಲಗ್. ಅಷ್ಟನ್ನಾದ್ರೂ ಕಲಿಸದೆ "ಹೊಸದು ತಗೊಳ್ಳಿ" ಅನ್ನುವವರು ಸಾಲದ ಕಂತು ಕಟ್ಟೋಕೂ ಬರ್ತಾರಾ?