ಮಾವಿನ ಕಸಿಯ ಬೇರು ಕತ್ತರಿಸಲು ತಕ್ಕ ಕಾಲ

ಹಾವೇರಿ, ಹಾನಗಲ್ಲ ಭಾಗದ ಜಮೀನುದಾರರಲ್ಲಿ ಹಲವರು ಸುಗ್ಗಿಯ ಹಣ ಕೈಸೇರಿದೊಡನೆ ಆಪೂಸ್ ಕಸಿಗಳನ್ನು ತಂದು ಬೇಸಿಗೆಯಲ್ಲಿಯೇ ನೆಡುವರು. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯವು. ಚೀಲದಲ್ಲಿ ಬಹುದಿನ ನಿಂತ ಸಸಿಯ ಬೇರು ಸುರುಳಿ ಸುತ್ತಿರುತ್ತದೆ. ಹಾಗೆಯೇ ನೆಟ್ಟರೆ ಮರವು ಭದ್ರವಾಗಿ ಬೇರೂರದು. ಬಿಸಿಲುಗಾಲದಲ್ಲಿ ಕತ್ತರಿಸಿದರೆ ಎಲೆಗಳಿಗೆ ಬೇಕಾದ ನೀರನ್ನು ಉಳಿದ ಬೇರು ಒದಗಿಸಲಾರದು. ಆದಕಾರಣ ಜೂನ್ ತಿಂಗಳಲ್ಲಿ, ಮೃಗಶಿರಾ ಇಲ್ಲವೆ ಆರಿದ್ರಾ ಮಳೆಗೆ ಭೂಮಿ ಚೆನ್ನಾಗಿ ನೆನೆದ ತರುವಾಯ, ಮೋಡ ಕವಿದ ದಿನದ ಸಂಜೆ, ಸುತ್ತಿಕೊಂಡ ಬೇರಿನ ತುದಿಗಳನ್ನಷ್ಟೇ ಹರಿತವಾದ ಚೂರಿಯಿಂದ ಕತ್ತರಿಸಿ, ಕಸಿಯ ಗಂಟು ಮಣ್ಣಿನ ಮೇಲಿರುವಂತೆ ನೆಡತಕ್ಕದ್ದು. ಕೆಂಪು ಚಿಗುರೊಡೆದ ಸಸಿಯಾದರೆ ಎಲೆ ಬಲಿಯುವವರೆಗೆ ತಡೆಯಬೇಕು. ಕೆಲವು ವಾರ ಕಾಯಲಾರದವನು ಮಕ್ಕಳ ಕಾಲದ ಫಲವನ್ನು ಕಳೆದುಕೊಳ್ಳುವನು. ಗ್ರಾಮದ ಪ್ರಮುಖರು ತಮ್ಮ ತೋಟದಲ್ಲಿಯೇ ಮೊದಲು ಹೀಗೆ ನೆಟ್ಟು ತೋರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು.